ಹವಾಮಾನ ಹೇಳುವ ಕೆಲಸ ಯಾರದು?

(ಕಾರವಾರದಲ್ಲಿ ಸ್ಥಳೀಯ ಕೇಬಲ್ ಚಾನೆಲ್‌ಗಳ ವರದಿಗಾರರು ಮತ್ತು ಪತ್ರಿಕೋದ್ಯಮ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಒಂದು ಸುದ್ದಿಯಿಂದ ಶುರು ಮಾಡುತ್ತೇನೆ. ಬೇಗ ಕಾರವಾರಕ್ಕೆ ಬರುತ್ತೇನೆ, ಹೆದರಬೇಡಿ.

2025ರ ಜನವರಿಯಲ್ಲಿ ಅಲ್ಲಿಯ ಅಲೆನ್ ಮೀಡಿಯಾ ಎಂಬ ಕಂಪನಿ ಒಂದು ತೀರ್ಮಾನ ಪ್ರಕಟಿಸಿತು. ಅದರ ಕೈಯಲ್ಲಿ ಸಣ್ಣ, ಮಧ್ಯಮ ಊರುಗಳ ಸುಮಾರು ಎರಡು ಡಜನ್ ಟಿವಿ ಕೇಂದ್ರಗಳಿದ್ದವು. 'ವೆದರ್ ಚಾನೆಲ್' ಎಂಬ ಹವಾಮಾನದ್ದೇ ಚಾನೆಲ್ಲೂ ಅದರದ್ದೇ. ಅದು ಇರುವುದು ಅಟ್ಲಾಂಟಾದಲ್ಲಿ. ಹಾಗಾದ ಮೇಲೆ ಪ್ರತಿ ಊರಿನಲ್ಲೂ ಬೇರೆ ಬೇರೆ ಹವಾಮಾನದವರು ಯಾಕೆ ಬೇಕು? ಅಟ್ಲಾಂಟಾದಿಂದಲೇ ಎಲ್ಲ ಊರಿಗೂ ಮುನ್ಸೂಚನೆ ತಯಾರಿಸಿ ಕಳಿಸಿದರಾಯಿತು. ಊರಿನ ಹವಾಮಾನದವರನ್ನು ಮನೆಗೆ ಕಳಿಸಬಹುದು. ಲೆಕ್ಕ ಸರಳವಾಗಿತ್ತು.

ಜನ ಸುಮ್ಮನಿರಲಿಲ್ಲ. ನೋಡುಗರು ಬೈದರು, ಜಾಹೀರಾತು ಕೊಡುವವರೂ ತಕರಾರು ತೆಗೆದರು. ಸುಂಟರಗಾಳಿಗೆ ಹೆಸರಾದ ಅಲಬಾಮಾದ ಹಂಟ್ಸ್‌ವಿಲ್ ಊರಿನ ಕೇಂದ್ರವೂ ಆ ಪಟ್ಟಿಯಲ್ಲಿತ್ತು. ಕೆಲವೇ ದಿನಗಳಲ್ಲಿ ಕಂಪನಿ ಹಿಂದೆ ಸರಿಯಿತು.

ಟಿವಿ ಕಂಪನಿಯೊಂದು ನೌಕರರನ್ನು ತೆಗೆಯುವುದು ಹೊಸದಲ್ಲ. ಜನ ಅದಕ್ಕೆ ಬೀದಿ ಮಾತಿನಲ್ಲಿ ಬೈಯುವುದೂ ಹೊಸದಲ್ಲ. ಆದರೆ ತೆಗೆದ ತೀರ್ಮಾನ ವಾಪಸ್ ಬರುವುದು ಅಪರೂಪ. ಸುದ್ದಿ ಓದುವವರನ್ನು ಬದಲಿಸಿದರೆ ಇಷ್ಟು ಗಲಾಟೆ ಆಗುವುದಿಲ್ಲ. ಹವಾಮಾನದವರನ್ನು ತೆಗೆದರೆ ಯಾಕಾಯಿತು?

ಅಲ್ಲಿಯ ಪದ್ಧತಿ ನಮಗೆ ಹೊಸದು. ಸಣ್ಣ ಊರಿನ ಕೇಂದ್ರದಲ್ಲೂ ಹವಾಮಾನಕ್ಕೆ ಅಂತಲೇ ಎರಡು ಮೂರು ಜನ ಇರುತ್ತಾರೆ. ಒಬ್ಬರು ಮುಖ್ಯಸ್ಥರು, ಒಬ್ಬರು ಬೆಳಗಿನ ಪಾಳಿ, ಒಬ್ಬರು ವಾರದ ಕೊನೆಗೆ. ಬಹಳಷ್ಟು ಜನ ಹವಾಮಾನ ವಿಜ್ಞಾನವನ್ನೇ ಓದಿದವರು. ಅಲ್ಲಿಯ ಹವಾಮಾನ ವಿಜ್ಞಾನಿಗಳ ಸಂಘ 1950ರ ದಶಕದ ಕೊನೆಯಿಂದಲೇ ಟಿವಿಯವರ ಕೆಲಸ ನೋಡಿ 'ಇವರು ಯೋಗ್ಯರು' ಎಂದು ಒಂದು ಮುದ್ರೆ ಕೊಡುತ್ತಾ ಬಂದಿದೆ. ಇವರು ಬರೀ ಓದಿ ಹೇಳುವವರಲ್ಲ. ಸರ್ಕಾರಿ ಇಲಾಖೆಯ ಮಾಹಿತಿ, ರಾಡಾರ್ ಚಿತ್ರ, ಕಂಪ್ಯೂಟರ್ ಲೆಕ್ಕ ಎಲ್ಲ ನೋಡಿ, ತಮ್ಮ ಊರಿಗೆ ಅದರ ಅರ್ಥ ಏನು ಎಂದು ತಾವೇ ತೀರ್ಮಾನಿಸಿ ಹೇಳುತ್ತಾರೆ.

ಅಲಬಾಮಾದಲ್ಲಿ ಜೇಮ್ಸ್ ಸ್ಪ್ಯಾನ್ ಎಂಬವರು ದಶಕಗಳಿಂದ ಈ ಕೆಲಸ ಮಾಡುತ್ತಿದ್ದಾರೆ. 2011ರ ಏಪ್ರಿಲ್ 27ರಂದು ಒಂದೇ ದಿನ ಆ ರಾಜ್ಯಕ್ಕೆ ಸಾಲು ಸಾಲು ಸುಂಟರಗಾಳಿ ಬಡಿದಾಗ ಗಂಟೆಗಟ್ಟಲೆ ಪರದೆಯ ಮೇಲೆ ಇದ್ದವರು ಅವರು. ಅವರ ಹೆಚ್ಚುಗಾರಿಕೆ ಏನೆಂದರೆ ಊರು, ಅಡ್ಡರಸ್ತೆ, ಅಂಗಡಿಯ ಗುರುತು ಹೇಳಿ ಎಚ್ಚರಿಸುವುದು. 'ಉತ್ತರ ಭಾಗದಲ್ಲಿ ಗಾಳಿ' ಎಂದರೆ ಯಾರೂ ಏಳುವುದಿಲ್ಲ. 'ಇಂಥ ಸರ್ಕಲ್ ಹತ್ತಿರ ಇರುವವರೇ, ಈಗಲೇ ಒಳಗೆ ಹೋಗಿ' ಎಂದರೆ ಏಳುತ್ತಾರೆ. ಅಟ್ಲಾಂಟಾದಲ್ಲಿ ಕೂತವರಿಗೆ ಆ ಸರ್ಕಲ್ ಗೊತ್ತಿರುವುದಿಲ್ಲ. ಜನ ಗಲಾಟೆ ಮಾಡಿದ್ದು ಅದಕ್ಕೆ.

ಹಾಗಂತ ಅಲ್ಲಿ ಎಲ್ಲ ಚೆನ್ನಾಗಿದೆ ಅಂತಲ್ಲ. ಟಿವಿ ನೋಡುವವರು ಕಡಿಮೆಯಾದರು, ಜಾಹೀರಾತು ಫೋನಿಗೆ ಹೋಯಿತು. ಬೆಳಗಿನ ಜಾವ ಎದ್ದು ಬರುವ ಪಾಳಿ ಬೇರೆ. ಅಯೋವಾ ರಾಜ್ಯದ ಡೆ ಮೊಯಿನ್ ಊರಿನಲ್ಲಿ ಕ್ರಿಸ್ ಗ್ಲೋನಿಂಜರ್ ಎಂಬ ಹವಾಮಾನದವರು ಮುನ್ಸೂಚನೆಯ ಜೊತೆಗೆ ಹವಾಗುಣ ಬದಲಾವಣೆಯ ಬಗ್ಗೆ ಮಾತಾಡಿದ್ದಕ್ಕೆ ಬೆದರಿಕೆ ಇಮೇಲ್ ಬಂತು. 2023ರಲ್ಲಿ ಅವರು ಕೆಲಸ ಬಿಟ್ಟರು. 2025ರಲ್ಲಿ ಅಲ್ಲಿಯ ಸರ್ಕಾರಿ ಹವಾಮಾನ ಸೇವೆಯಿಂದಲೇ ನೂರಾರು ಜನ ಹೊರಗೆ ಹೋದರು. ಕೆಲವು ಕಚೇರಿಗಳಲ್ಲಿ ದಿನಕ್ಕೆ ಎರಡು ಸಲ ಹಾರಿಸುವ ಬಲೂನನ್ನೂ ಕಡಿಮೆ ಮಾಡಬೇಕಾಯಿತು. ಬಲೂನು ಹಾರದಿದ್ದರೆ ಮೇಲಿನ ಗಾಳಿಯ ಲೆಕ್ಕ ಸಿಗುವುದಿಲ್ಲ. ಆ ಲೆಕ್ಕ ಇಲ್ಲದಿದ್ದರೆ ಟಿವಿಯವರು ಎಷ್ಟು ಬುದ್ಧಿವಂತರಾದರೂ ಏನು ಹೇಳಿಯಾರು?

ಇಂಗ್ಲೆಂಡಿನದು ಒಂದೇ ಉದಾಹರಣೆ ಹೇಳಿ ಮುಂದೆ ಹೋಗುತ್ತೇನೆ. ಅಲ್ಲಿ 1954ರ ಜನವರಿಯಲ್ಲಿ ಜಾರ್ಜ್ ಕೌಲಿಂಗ್ ಎಂಬವರು ಮೊದಲ ಬಾರಿಗೆ ಬಿಬಿಸಿ ಟಿವಿಯಲ್ಲಿ ನಿಂತು ಹವಾಮಾನ ಹೇಳಿದರು. ಅವರು ಟಿವಿಯವರಲ್ಲ, ಹವಾಮಾನ ಇಲಾಖೆಯ ನೌಕರ. ಆಮೇಲೂ ಬಹಳ ಕಾಲ ಅದೇ ಪದ್ಧತಿ ನಡೆಯಿತು. ಇಲಾಖೆಯವರೇ ಬಂದು ಹೇಳುವುದು. ಅವರಲ್ಲಿ ಮೈಕಲ್ ಫಿಶ್ ಒಬ್ಬರು. 1987ರ ಅಕ್ಟೋಬರ್ 15ರಂದು, ಚಂಡಮಾರುತ ಬರುತ್ತದಂತೆ ಎಂದು ಯಾರೋ ಫೋನ್ ಮಾಡಿದ್ದಾರೆ, ಚಿಂತೆ ಬೇಡ, ಅಂಥದ್ದೇನಿಲ್ಲ ಎಂದು ಪರದೆಯ ಮೇಲೆ ಹೇಳಿದರು. ಅದೇ ರಾತ್ರಿ ದಕ್ಷಿಣ ಇಂಗ್ಲೆಂಡಿನಲ್ಲಿ ಬಿರುಗಾಳಿ ಬೀಸಿ ಸುಮಾರು ಒಂದೂವರೆ ಕೋಟಿ ಮರ ಉರುಳಿದವು, ಜನ ಸತ್ತರು. ಆ ಮಾತು ಅವರನ್ನು ಆಮೇಲೆ ಎಂದೂ ಬಿಡಲಿಲ್ಲ. ಆದರೆ ಅವರೂ ಕೆಲಸ ಬಿಡಲಿಲ್ಲ. 2004ರವರೆಗೂ ಅದೇ ಜಾಗದಲ್ಲಿ ನಿಂತು ಹವಾಮಾನ ಹೇಳಿದರು. ತನಿಖೆ ನಡೆಯಿತು, ಎಚ್ಚರಿಕೆ ಕೊಡುವ ಹೊಸ ವ್ಯವಸ್ಥೆ ಬಂತು. ತಪ್ಪಿದಾಗ ಕೇಳಲು ಜನರಿಗೆ ಒಬ್ಬ ಮನುಷ್ಯ ಇದ್ದ ಎಂಬುದನ್ನು ಗಮನಿಸಿ. ನಮ್ಮಲ್ಲಿ ಮುನ್ಸೂಚನೆ ತಪ್ಪಿದರೆ ಯಾರನ್ನು ಕೇಳುತ್ತೀರಿ? 'ಹವಾಮಾನ ಇಲಾಖೆ ಹೇಳಿದ್ದು ಉಲ್ಟಾ ಆಗುತ್ತೆ' ಎಂದು ನಗುತ್ತೇವೆ. ಅಲ್ಲಿಗೆ ಮುಗಿಯಿತು.

ಈಗ ನಮ್ಮ ಕಡೆ ಬರೋಣ.

ಭಾರತದ ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. ಅದಕ್ಕೆ ಈಗ 150 ವರ್ಷ ತುಂಬಿದೆ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್ 1ಕ್ಕೆ. 1983ರಲ್ಲಿ ಇನ್ಸಾಟ್-1ಬಿ ಮೇಲೆ ಹೋದ ನಂತರ ಮೋಡದ ಚಿತ್ರ ನಮ್ಮದೇ ಉಪಗ್ರಹದಿಂದ ಬರತೊಡಗಿತು. ಆಗಿನ ಹವಾಮಾನ ವರದಿ ನಿಮ್ಮ ಮನೆಯ ಹಿರಿಯರಿಗೆ ನೆನಪಿರುತ್ತದೆ. ವಾರ್ತೆಯ ಕೊನೆಗೆ ಎರಡು ನಿಮಿಷ. ಕಪ್ಪು ಬಿಳಿ ಮೋಡದ ಚಿತ್ರ, ಕೆಲವು ಊರುಗಳ ಗರಿಷ್ಠ ಕನಿಷ್ಠ ಉಷ್ಣಾಂಶ, 'ಕರಾವಳಿಯ ಹೆಚ್ಚಿನ ಕಡೆಗಳಲ್ಲಿ ಮಳೆಯಾಗುವ ಸಾಧ್ಯತೆ'. ಓದುವವರು ವಾರ್ತಾ ವಾಚಕರು. ಬರೆದವರು ಇಲಾಖೆಯ ವಿಜ್ಞಾನಿ. ಇಬ್ಬರೂ ಬೇರೆ ಬೇರೆ. ನಮ್ಮಲ್ಲಿ ಶುರುವಿನಿಂದಲೂ ಹಾಗೇ.

ಅಂದರೆ ನಮ್ಮ ಟಿವಿಯಲ್ಲಿ ಊರಿನ ಹವಾಮಾನದವರು ಎಂಬ ಹುದ್ದೆ ಹುಟ್ಟಲೇ ಇಲ್ಲ. ಹಾಗಾಗಿ 'ಹಿಂದೆ ಎಷ್ಟು ಚೆನ್ನಾಗಿತ್ತು' ಎಂದು ಅಳುವ ಕೆಲಸ ನನಗಿಲ್ಲ. ಚೆನ್ನಾಗೇನೂ ಇರಲಿಲ್ಲ. ಮುನ್ಸೂಚನೆಯ ಗುಣಮಟ್ಟ ನೋಡಿದರೆ ಈಗಿನದೇ ಎಷ್ಟೋ ಮೇಲು. ಚಂಡಮಾರುತ ಎಲ್ಲಿಗೆ, ಯಾವಾಗ ಬಂದು ಬಡಿಯುತ್ತದೆ ಎಂಬುದನ್ನು ಇಲಾಖೆ ಇಂದು ಹೇಳುವಷ್ಟು ಸರಿಯಾಗಿ ಆಗ ಹೇಳುತ್ತಿರಲಿಲ್ಲ.

ಖಾಸಗಿ ಚಾನೆಲ್‌ಗಳು ಬಂದ ಮೇಲೆ ಆ ಎರಡು ನಿಮಿಷವೂ ಹೋಯಿತು. ಹವಾಮಾನ ಎಂದರೆ ಮಳೆ ಬಿದ್ದ ಮೇಲಿನ ಸುದ್ದಿ. ಮೊಣಕಾಲು ನೀರಿನಲ್ಲಿ ಕೊಡೆ ಹಿಡಿದು ನಿಂತ ವರದಿಗಾರ, ಹಿಂದೆ ತೇಲುವ ಬೈಕು. ನಿಮ್ಮಲ್ಲಿ ಹಾಗೆ ನಿಂತವರು ಇದ್ದೀರಿ, ನಗಬೇಡಿ. ಮಳೆ ಬರುವ ಮುಂಚೆ ಪರದೆಯ ಕೆಳಗೆ ಕೆಂಪು ಪಟ್ಟಿಯಲ್ಲಿ 'ರೆಡ್ ಅಲರ್ಟ್' ಎಂದು ಓಡುತ್ತದೆ. ಅಷ್ಟೇ.

ಈಗ ಯಂತ್ರದ ನಿರೂಪಕರೂ ಬಂದಿದ್ದಾರೆ. 2023ರಲ್ಲಿ ಕನ್ನಡದ ಪವರ್ ಟಿವಿ 'ಸೌಂದರ್ಯ' ಎಂಬ ಎಐ ನಿರೂಪಕಿಯನ್ನು ತಂದಿತು. 2024ರ ಮೇ 26ರಂದು ಡಿಡಿ ಕಿಸಾನ್ ಚಾನೆಲ್ಲಿಗೆ 'ಎಐ ಕ್ರಿಶ್', 'ಎಐ ಭೂಮಿ' ಬಂದರು. ಅವರು ಐವತ್ತು ಭಾಷೆಗಳಲ್ಲಿ ಮಾತಾಡಬಲ್ಲರಂತೆ. ರೈತರಿಗೆ ಹವಾಮಾನ, ಮಾರುಕಟ್ಟೆ ದರ ಹೇಳುವುದೂ ಅವರ ಕೆಲಸದಲ್ಲಿ ಸೇರಿದೆ. ಇದನ್ನು ಕೇಳಿ ನನಗೆ ಸಿಟ್ಟು ಬರಲಿಲ್ಲ. ಬರೆದುಕೊಟ್ಟದ್ದನ್ನು ಓದುವುದಷ್ಟೇ ಕೆಲಸ ಆದರೆ ಯಂತ್ರ ಓದಲಿ ಬಿಡಿ. ಅದಕ್ಕೆ ನೆಗಡಿ ಆಗುವುದಿಲ್ಲ, ರಜೆ ಬೇಡ. ತಪ್ಪು ಯಂತ್ರದ್ದಲ್ಲ. ನಾವು ಆ ಕೆಲಸವನ್ನು ಬರೀ ಓದುವ ಕೆಲಸ ಅಂದುಕೊಂಡೆವಲ್ಲ, ತೊಂದರೆ ಇರುವುದು ಅಲ್ಲಿ.

ಟಿವಿಯ ಹೊರಗೆ ನಡೆದ ಒಂದು ಬದಲಾವಣೆ ಇದಕ್ಕಿಂತ ದೊಡ್ಡದು. ಅದು ಟಿವಿಯಲ್ಲಿ ಸುದ್ದಿಯೇ ಆಗಲಿಲ್ಲ. 2018ರಿಂದ ದೇಶದ 199 ಜಿಲ್ಲೆಗಳ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು ತೆರೆದಿದ್ದರು. ಪ್ರತಿ ಘಟಕಕ್ಕೆ ಒಬ್ಬ ವಿಷಯ ತಜ್ಞ, ಒಬ್ಬ ವೀಕ್ಷಕ. ಇಲಾಖೆಯ ಮುನ್ಸೂಚನೆ ನೋಡಿ, ಜಿಲ್ಲೆಯ ಬೆಳೆ ನೋಡಿ, ವಾರಕ್ಕೆ ಎರಡು ಸಲ ರೈತರಿಗೆ ಸಲಹೆ ಬರೆಯುವುದು ಅವರ ಕೆಲಸ. ಈ ವಾರ ಗೊಬ್ಬರ ಹಾಕಬೇಡಿ, ನಾಡಿದ್ದು ಕೊಯ್ಲು ಮಾಡಬೇಡಿ, ಹೀಗೆ. 2024ರ ಮಾರ್ಚಿಗೆ ಆ ಘಟಕಗಳನ್ನೆಲ್ಲ ಮುಚ್ಚಿದರು. ಮಾಹಿತಿ ಈಗ ತಾನಾಗಿಯೇ ಬರುತ್ತದೆ, ಪ್ರತಿ ಘಟಕದಲ್ಲಿ ಜನ ಬೇಕಿಲ್ಲ ಎಂಬುದು ಮುಚ್ಚಿದವರ ವಾದವಾಗಿತ್ತು.

ಅದೇ ವರ್ಷ ಅಕ್ಟೋಬರ್ 24ಕ್ಕೆ ಕೇಂದ್ರ ಸರ್ಕಾರ ಗ್ರಾಮ ಪಂಚಾಯ್ತಿ ಮಟ್ಟದ ಹವಾಮಾನ ಮುನ್ಸೂಚನೆ ಶುರು ಮಾಡಿತು. ಐದು ದಿನದ ಮುನ್ಸೂಚನೆ ಪ್ರತಿ ಪಂಚಾಯ್ತಿಗೂ ಸಿಗುತ್ತದೆ. ಒಳ್ಳೆಯದೇ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಾರ್ಚಿನಲ್ಲಿ ಜಿಲ್ಲೆಯ ಮನುಷ್ಯ ಹೋದ. ಅಕ್ಟೋಬರಿನಲ್ಲಿ ಪಂಚಾಯ್ತಿಯ ಅಂಕಿ ಬಂತು. ಅಂಕಿ ನಮ್ಮ ಬಾಗಿಲಿಗೆ ಬಂದಷ್ಟೂ ಅದನ್ನು ಬಿಡಿಸಿ ಹೇಳುವವರು ದೂರ ಹೋಗುತ್ತಿದ್ದಾರೆ. ನಾನು ಇಲ್ಲಿ ಹೇಳಲು ಬಂದದ್ದೇ ಇದು.

ನಮ್ಮ ಜಿಲ್ಲೆಯಲ್ಲಿ ಬಿಡಿಸಿ ಹೇಳುವವರು ಯಾಕೆ ಅಷ್ಟು ಮುಖ್ಯ? ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹವಾಮಾನ ಇಲಾಖೆ ಕರ್ನಾಟಕವನ್ನು ಮೂರು ಭಾಗ ಮಾಡುತ್ತದೆ. ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಕರಾವಳಿಯಲ್ಲಿ ಮೂರು ಜಿಲ್ಲೆ. ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ. ಇಡೀ ಉತ್ತರ ಕನ್ನಡ! ಮುಂಡಗೋಡವೂ ಕರಾವಳಿ, ಹಳಿಯಾಳವೂ ಕರಾವಳಿ. ಮುಂಡಗೋಡದವರಿಗೆ ಈ ವಿಷಯ ಹೇಳಿದರೆ ಸಮುದ್ರ ಎಲ್ಲಿದೆ ಎಂದು ಕೇಳಿಯಾರು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ಮುಂಡಗೋಡ, ಹಳಿಯಾಳದ ಕಡೆ ಅದರ ಅರ್ಧವೂ ಇಲ್ಲ. ಅಲ್ಲಿ ಭತ್ತ, ಹತ್ತಿ, ಮೆಕ್ಕೆಜೋಳ. ಇಲ್ಲಿ ಮೀನು, ತೆಂಗು. ನಡುವೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟ. ಈ ಎಲ್ಲದಕ್ಕೂ ಟಿವಿಯ ನಕ್ಷೆಯಲ್ಲಿ ಒಂದೇ ಬಣ್ಣ.

ಬಣ್ಣದ ಹಿಂದಿನ ಲೆಕ್ಕವೂ ಒಂದೇ. ಬೆಳಿಗ್ಗೆ ಎಂಟೂವರೆಯಿಂದ ಮಾರನೇ ದಿನ ಎಂಟೂವರೆವರೆಗೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ. 115.6 ಆದರೆ ಅತಿ ಭಾರಿ. 204.4 ದಾಟಿದರೆ ಅತ್ಯಂತ ಭಾರಿ. ಜುಲೈಯಲ್ಲಿ 70 ಮಿ.ಮೀ. ಬಿದ್ದರೆ ಹೊನ್ನಾವರದಲ್ಲಿ ಯಾರೂ ಅದನ್ನು ಸುದ್ದಿ ಅನ್ನುವುದಿಲ್ಲ. ಅದೇ 70 ಹಳಿಯಾಳದ ಹೊಲಕ್ಕೆ ಒಂದೇ ದಿನ ಬಿದ್ದರೆ ಬಿತ್ತಿದ್ದು ಕೊಚ್ಚಿ ಹೋಗಬಹುದು. ಒಂದೇ ಶಬ್ದ, ಎರಡು ಕಡೆ ಎರಡು ಪರಿಣಾಮ. ಇದನ್ನು ಬೆಂಗಳೂರಿನ ನಿರೂಪಕಿ ಹೇಳಲು ಆಗುವುದಿಲ್ಲ. ಅವರಿಗೆ ಮೂವತ್ತೊಂದು ಜಿಲ್ಲೆ, ಒಂದು ನಿಮಿಷ.

ಹೊಳೆಗಳ ಕಥೆ ಇನ್ನೂ ಮುಖ್ಯ. ನಮ್ಮ ನೆರೆ ನಮ್ಮ ಮೇಲೆ ಬಿದ್ದ ಮಳೆಯಿಂದ ಮಾತ್ರ ಬರುವುದಿಲ್ಲ. ಗಂಗಾವಳಿ ತೆಗೆದುಕೊಳ್ಳಿ. ಮೇಲೆ ಅದು ಬೇಡ್ತಿ. ಧಾರವಾಡದ ಕಡೆ ಹುಟ್ಟಿ, ಕಲಘಟಗಿ ದಾಟಿ, ಯಲ್ಲಾಪುರದ ಕಾಡಿನಲ್ಲಿ ಇಳಿದು ಅಂಕೋಲೆಗೆ ಬರುತ್ತದೆ. ಕಲಘಟಗಿಯಲ್ಲಿ ಬಿದ್ದ ಮಳೆ ಟಿವಿಯಲ್ಲಿ 'ಉತ್ತರ ಒಳನಾಡು' ಎಂಬ ಲೆಕ್ಕಕ್ಕೆ ಹೋಗುತ್ತದೆ. ಅಂಕೋಲೆಯವರು ಅದನ್ನು ತಮ್ಮ ಸುದ್ದಿ ಅಂದುಕೊಳ್ಳುವುದೇ ಇಲ್ಲ. ನೀರು ಮಾತ್ರ ಅಂಕೋಲೆಗೇ ಬರುತ್ತದೆ. 2019ರ ಆಗಸ್ಟಿನಲ್ಲೂ 2021ರ ಜುಲೈಯಲ್ಲೂ ಹೀಗೇ ಆಯಿತು. 2021ರಲ್ಲಿ ಯಲ್ಲಾಪುರದ ಗುಳ್ಳಾಪುರದ ಸೇತುವೆ ಹೋದದ್ದು ನಿಮಗೆಲ್ಲ ಗೊತ್ತು.

ಕಾಳಿ ಹೊಳೆಯದು ಬೇರೆಯೇ ಲೆಕ್ಕ. ಅದಕ್ಕೆ ಅಣೆಕಟ್ಟೆಗಳಿವೆ. ಮೇಲೆ ಸೂಪಾ, ಕೆಳಗೆ ಕೊಡಸಳ್ಳಿ, ಕೊನೆಗೆ ಕದ್ರಾ. ಕಾರವಾರದ ಬೀಚಿನಲ್ಲಿ ಬಿಸಿಲಿರಬಹುದು. ಜೋಯಿಡಾದ ಕಾಡಿನಲ್ಲಿ ಎರಡು ದಿನದಿಂದ ಹೊಡೆಯುತ್ತಿದ್ದರೆ ಕದ್ರಾ ಕೆಳಗಿನ ಊರಿನವರು ಸಾಮಾನು ಮೇಲೆ ಇಡಬೇಕು. 2019ರಲ್ಲಿ ಕದ್ರಾದಿಂದ ನೀರು ಬಿಟ್ಟಾಗ ಆದ ಅನಾಹುತ ನೋಡಿದವರು ಈ ಸಭೆಯಲ್ಲೇ ಇದ್ದಾರೆ. ಅಘನಾಶಿನಿಗೆ ಅಣೆಕಟ್ಟೆ ಇಲ್ಲ. ಶಿರಸಿಯಲ್ಲಿ ಬಿದ್ದದ್ದು ತಡೆಯಿಲ್ಲದೆ ಕುಮಟೆಗೆ ಬರುತ್ತದೆ. ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪೆ ಇವೆ. ಹೊನ್ನಾವರದವರು ಸಾಗರ, ಹೊಸನಗರದ ಮಳೆ ಕೇಳಬೇಕು. ನಾಲ್ಕು ಹೊಳೆ, ನಾಲ್ಕು ಲೆಕ್ಕ. ಈ ಜಿಲ್ಲೆಯ ಹವಾಮಾನ ಹೇಳುವವರು ಮೋಡ ನೋಡಿದರೆ ಸಾಲದು, ಗೇಟನ್ನೂ ನೋಡಬೇಕು.

ಇನ್ನು ಸಮುದ್ರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಆಗಸ್ಟಿನಲ್ಲಿ ಬೋಟುಗಳು ಇಳಿಯುತ್ತವೆ. ಆದರೆ ಕ್ಯಾಲೆಂಡರ್ ಬದಲಾಯಿತು ಅಂತ ಸಮುದ್ರ ಸುಮ್ಮನಾಗುತ್ತದೆಯೇ? 'ಗಂಟೆಗೆ 45ರಿಂದ 55 ಕಿ.ಮೀ. ವೇಗದ ಗಾಳಿ, ಮೀನುಗಾರರು ಸಮುದ್ರಕ್ಕೆ ಇಳಿಯಬಾರದು' ಎಂಬ ಸಾಲು ವರ್ಷವಿಡೀ ಎಷ್ಟು ಸಲ ಬರುತ್ತದೆ ಎಂದರೆ ಕೇಳುವವರ ಕಿವಿಗೆ ಅದು ತಾಗುವುದೇ ಇಲ್ಲ. ಬೋಟು ನಡೆಸುವ ತಾಂಡೇಲರಿಗೆ ಬೇಕಾದ್ದು ಬೇರೆ. ಗಾಳಿ ಯಾವ ಕಡೆಯಿಂದ? ಅಲೆ ಎಷ್ಟು ಎತ್ತರ? ಎಷ್ಟು ಹೊತ್ತಿಗೆ ಶುರು? ಈಗಾಗಲೇ ಒಳಗೆ ಹೋದವರು ವಾಪಸ್ ಬರಲು ಎಷ್ಟು ಸಮಯ ಇದೆ? ಅಲೆಯ ಮಾಹಿತಿಯನ್ನು ಹೈದರಾಬಾದಿನ ಇನ್ಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಕೊಡುತ್ತದೆ. ಮೀನು ಸಿಗಬಹುದಾದ ಜಾಗವನ್ನೂ ಹೇಳುತ್ತದೆ. ಇದೆಲ್ಲ ಬಿಟ್ಟಿ ಸಿಗುತ್ತದೆ. ಆದರೆ ಇಲ್ಲಿಯ ಮೀನುಗಾರಿಕೆ ಬಂದರು ಬೈತಖೋಲದ ಧಕ್ಕೆಯಲ್ಲಿ ನಿಂತವರಿಗೆ ಕೊಂಕಣಿಯಲ್ಲೂ ಕನ್ನಡದಲ್ಲೂ ಅದನ್ನು ಹೇಳುವವರು ಯಾರು?

ಬೈತಖೋಲದ ಹೆಸರು ಬಂತು ಅಂತ ಹೇಳುತ್ತೇನೆ. ಗಾಳಿ ಜೋರಾದಾಗ ಮಲ್ಪೆಯ ಬೋಟು, ಗೋವಾದ ಬೋಟು, ತಮಿಳುನಾಡಿನ ಬೋಟು ಎಲ್ಲ ಇಲ್ಲಿಗೇ ಬಂದು ಲಂಗರು ಹಾಕುತ್ತವೆ. ಕಾರವಾರದ ಬಂದರಿಗೆ ಗುಡ್ಡ, ದ್ವೀಪಗಳ ಆಸರೆ ಇದೆ. 2019ರ ಅಕ್ಟೋಬರಿನ ಕ್ಯಾರ್ ಚಂಡಮಾರುತದ ಹೊತ್ತಿಗೆ, 2021ರ ಮೇ ತಿಂಗಳ ತೌಕ್ತೆ ಹೊತ್ತಿಗೆ ನಾವು ಇದನ್ನು ನೋಡಿದ್ದೇವೆ. ಬಂದರುಗಳಲ್ಲಿ ಹಿಂದಿನಿಂದಲೂ ಒಂದು ಪದ್ಧತಿ ಇದೆ. ಕಂಬಕ್ಕೆ ಎಚ್ಚರಿಕೆ ಸಂಕೇತ ಏರಿಸುವುದು. ಹಗಲು ಶಂಕು, ಡೋಲಿನ ಆಕಾರ. ರಾತ್ರಿ ಕೆಂಪು, ಬಿಳಿ ದೀಪ. 'ಮೂರನೇ ನಂಬರ್ ಬಾವುಟ' ಎಂದು ಪೇಪರಿನಲ್ಲಿ ಬರುತ್ತದಲ್ಲ, ಅದರ ಅರ್ಥ ಈ ಸಭೆಯ ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು ಎಂದು ಕೇಳಿದೆ. ಎತ್ತಿದ ಕೈ ಕಡಿಮೆ. ಸಂಕೇತ 1ರಿಂದ 11ರವರೆಗೆ ಇದೆ. ಸಣ್ಣ ನಂಬರುಗಳು ಮುನ್ನೆಚ್ಚರಿಕೆಗೆ, 5ರಿಂದ 7 ಅಪಾಯಕ್ಕೆ, 8ರಿಂದ 10 ದೊಡ್ಡ ಅಪಾಯಕ್ಕೆ. 11 ಎಂದರೆ ಹವಾಮಾನ ಕೇಂದ್ರದ ಸಂಪರ್ಕವೇ ಕಡಿದಿದೆ ಎಂದು. ಇಷ್ಟನ್ನು ಒಂದು ದಿನ ಪರದೆಯ ಮೇಲೆ ಚಿತ್ರ ಹಾಕಿ ಹೇಳಿದರೆ ಸಾಕು.

ಘಟ್ಟದ ಮೇಲೆ ಹೋದರೆ ಪ್ರಶ್ನೆಯೇ ಬೇರೆ. ಅಡಿಕೆಯವರಿಗೆ ಎಷ್ಟು ಮಳೆ ಬರುತ್ತದೆ ಎನ್ನುವುದಕ್ಕಿಂತ ಯಾವಾಗ ನಿಲ್ಲುತ್ತದೆ ಎನ್ನುವುದು ಮುಖ್ಯ. ಕೊಳೆರೋಗಕ್ಕೆ ಮಳೆಗಾಲದ ಶುರುವಿನಲ್ಲಿ ಒಂದು ಸಲ ಬೋರ್ಡೋ ದ್ರಾವಣ ಹೊಡೆಯಬೇಕು. ನಲವತ್ತು ನಲವತ್ತೈದು ದಿನದ ಮೇಲೆ ಇನ್ನೊಂದು ಸಲ. ಎರಡನೆಯದು ಬರುವುದು ಸರಿಯಾಗಿ ಆರಿದ್ರಾ, ಪುನರ್ವಸು ಮಳೆ ಕಳೆದು ಪುಷ್ಯ ಹಿಡಿಯುವ ಹೊತ್ತಿಗೆ. ಆಗ ಅರ್ಧ ದಿನ ಮಳೆ ಹೊಳವಾದರೂ ಸಾಕು. ಆದರೆ ಆ ಅರ್ಧ ದಿನ ಯಾವುದು? ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರು ಸಿಗುವುದೇ ಕಷ್ಟ. ಸಿಕ್ಕ ದಿನ ಮಳೆ, ಮಳೆ ಬಿಟ್ಟ ದಿನ ಅವರು ಬೇರೆ ತೋಟದಲ್ಲಿ. ರಾಡಾರ್ ನೋಡಿ 'ಮುಂದಿನ ಮೂರು ಗಂಟೆ ಶಿರಸಿಯ ಪಶ್ಚಿಮಕ್ಕೆ ಮಳೆ ಇಲ್ಲ' ಎಂದು ಯಾರಾದರೂ ಹೇಳಿದರೆ ಅದಕ್ಕೆ ದುಡ್ಡಿನ ಬೆಲೆ ಇದೆ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಗದ್ದೆಯವರಿಗೆ ಏಪ್ರಿಲ್ ಮೇ ತಿಂಗಳ ಒಂದು ಅಕಾಲ ಮಳೆಯ ಸುದ್ದಿ ಒಂದು ದಿನ ಮುಂಚೆ ಬೇಕು. ಆಗ ಗುಡ್ಡೆ ಹಾಕಿದ ಉಪ್ಪನ್ನಾದರೂ ಮುಚ್ಚಿಡಬಹುದು. ಟಿವಿಯಲ್ಲಿ ಆಗ 'ಬಿಸಿಲಿಗೆ ತಂಪೆರೆದ ವರುಣ' ಎಂದು ಬರುತ್ತದೆ.

ಶಿರೂರಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಜರಿದು, ಚಹಾ ಅಂಗಡಿ, ಲಾರಿ, ಜನ ಎಲ್ಲವನ್ನೂ ಗಂಗಾವಳಿಗೆ ತಳ್ಳಿತು. ಆ ದಿನಗಳಲ್ಲಿ ಭಾರಿ ಮಳೆಯ ಎಚ್ಚರಿಕೆ ಇತ್ತು. ಮಳೆಯ ಎಚ್ಚರಿಕೆ ಮತ್ತು ಗುಡ್ಡ ಜರಿಯುವ ಎಚ್ಚರಿಕೆ ಒಂದೇ ಅಲ್ಲ. ಎರಡನೆಯದಕ್ಕೆ ಮಳೆಯ ಜೊತೆಗೆ ಮಣ್ಣು, ಇಳಿಜಾರು, ರಸ್ತೆಗೆ ಕಡಿದ ಗುಡ್ಡ ಎಲ್ಲ ಲೆಕ್ಕ ಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಭೂಕುಸಿತ ಮುನ್ಸೂಚನೆಗೆ ಅಂತ ಕೋಲ್ಕತ್ತದಲ್ಲಿ ಕೇಂದ್ರ ತೆರೆದದ್ದು ಅದೇ ಜುಲೈ 19ಕ್ಕೆ, ಶಿರೂರು ಆಗಿ ಮೂರೇ ದಿನಕ್ಕೆ. ಅದು ಶುರುವಾದದ್ದು ಡಾರ್ಜಿಲಿಂಗ್, ಕಾಲಿಂಪಾಂಗ್, ನೀಲಗಿರಿಗೆ. ಊರಿನ ಹವಾಮಾನದವರೊಬ್ಬರು ಇದ್ದಿದ್ದರೆ ಶಿರೂರು ತಪ್ಪುತ್ತಿತ್ತು ಎಂದು ನಾನು ಹೇಳುವುದಿಲ್ಲ. ಅದು ಸುಳ್ಳು ಸಮಾಧಾನ. ಆದರೆ 'ಎರಡು ದಿನದಿಂದ ಬಿಡದೆ ಹೊಡೆದಿದೆ, ಗುಡ್ಡ ಕಡಿದ ಜಾಗದಲ್ಲಿ ಗಾಡಿ ನಿಲ್ಲಿಸಬೇಡಿ' ಎಂದು ಮಳೆಗಾಲವಿಡೀ ದಿನಾ ಹೇಳಲು ಒಂದು ಬಾಯಿ ಇದ್ದರೆ ಒಳ್ಳೆಯದು ಅನ್ನುವಷ್ಟು ಹೇಳಬಲ್ಲೆ.

ಸದ್ಯಕ್ಕೆ ರೆಡ್ ಅಲರ್ಟನ್ನು ಈ ಜಿಲ್ಲೆಯಲ್ಲಿ ಬಹಳ ಶ್ರದ್ಧೆಯಿಂದ ನೋಡುವವರು ಶಾಲೆ ಮಕ್ಕಳು. ರಾತ್ರಿ ಒಂಬತ್ತರ ಮೇಲೆ ಜಿಲ್ಲಾಧಿಕಾರಿಗಳ ಆದೇಶ ಬಂತಾ, ಯಾವ ತಾಲ್ಲೂಕಿಗೆ ರಜೆ, ಪಿಯುಗೂ ಉಂಟಾ ಇಲ್ವಾ. ನಿಮ್ಮ ಚಾನೆಲ್‌ಗಳಿಗೂ ಆ ಒಂದು ಸಾಲಿನಿಂದಲೇ ಜಾಸ್ತಿ ನೋಡುಗರು, ಅಲ್ವಾ? ಅದರ ಹಿಂದೆಯೇ ಎರಡು ನಿಮಿಷ ಹವಾಮಾನ ಸೇರಿಸಿ. ಕೂತು ನೋಡುತ್ತಾರೆ.

ಟಿವಿ ಬಿಟ್ಟ ಜಾಗವನ್ನು ಬೇರೆಯವರು ತುಂಬುತ್ತಿದ್ದಾರೆ ಎಂಬುದನ್ನೂ ಮರೆಯಬೇಡಿ. ಚೆನ್ನೈಯಲ್ಲಿ ಪ್ರದೀಪ್ ಜಾನ್ ಎಂಬವರು ಹವಾಮಾನ ಇಲಾಖೆಯವರಲ್ಲ. ಆಸಕ್ತಿಯಿಂದ ಕಲಿತವರು. 2015ರ ಚೆನ್ನೈ ನೆರೆಯ ಹೊತ್ತಿಗೆ 'ತಮಿಳುನಾಡು ವೆದರ್‌ಮ್ಯಾನ್' ಎಂದು ಹೆಸರಾದರು. ಜನರಿಗೆ ಅವರು ಅರ್ಥವಾಗುವ ಹಾಗೆ ಹೇಳುತ್ತಿದ್ದರು, ಗಾಬರಿ ಬೇಡ ಎಂದೂ ಹೇಳುತ್ತಿದ್ದರು. ಅಂಥವರು ಸಿಕ್ಕಿದರೆ ಪುಣ್ಯ. ನಮ್ಮಲ್ಲಿ ಸಿಗುವುದು ಜಾಸ್ತಿ ವಾಟ್ಸಾಪಿನ ತುಫಾನು. ಹೋದ ವರ್ಷದ ಚಿತ್ರ, ಈ ವರ್ಷದ ದಿನಾಂಕ.

ಹಾಗಾದರೆ ಏನು ಮಾಡಬಹುದು? ದೊಡ್ಡ ಯೋಜನೆ ಹೇಳುವುದಿಲ್ಲ. ಒಂದು ಸ್ಥಳೀಯ ಚಾನೆಲ್, ಒಬ್ಬ ಹುಡುಗ ಅಥವಾ ಹುಡುಗಿ, ಜೂನ್‌ನಿಂದ ಅಕ್ಟೋಬರ್‌ವರೆಗೆ. ಅವರಿಗೆ ಬೇರೆ ಬೀಟ್ ಕೊಡಬೇಡಿ. ಬೆಳಿಗ್ಗೆ ಬಂದು ಬೆಂಗಳೂರು ಹವಾಮಾನ ಕೇಂದ್ರದ ಪ್ರಕಟಣೆ ನೋಡಬೇಕು. ಮಳೆಮೋಡದ ಚಲನೆ ತೋರಿಸುವ ಗೋವಾದ ಡಾಪ್ಲರ್ ರಾಡಾರ್ ನೋಡಬೇಕು. ಕಾರವಾರ, ಅಂಕೋಲಾ ಅದರ ವ್ಯಾಪ್ತಿಯಲ್ಲೇ ಬರುತ್ತವೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯ್ತಿ ಪಂಚಾಯ್ತಿಗೆ ಮಳೆಮಾಪಕ ಇಟ್ಟಿದೆ, ಆ ಅಂಕಿ ತೆಗೆಯಬೇಕು. ಕಾರವಾರ, ಹೊನ್ನಾವರ, ಶಿರಾಲಿಯಲ್ಲಿ ಹವಾಮಾನ ಇಲಾಖೆಯದೇ ವೀಕ್ಷಣಾಲಯಗಳಿವೆ, ಅಲ್ಲಿಯ ಮಳೆ ನೋಡಬೇಕು. ಕದ್ರಾದ ಮಟ್ಟ, ಬಂದರಿನ ಭರತ ಇಳಿತದ ಸಮಯ, ಇನ್ಕಾಯಿಸ್‌ನ ಅಲೆಯ ಎತ್ತರ. ಭರತದ ಹೊತ್ತಿಗೇ ನೆರೆ ನೀರು ಬಂದರೆ ಅದು ಸಮುದ್ರಕ್ಕೆ ಇಳಿಯದೆ ಹೊಳೆಬಾಯಿಯ ತಗ್ಗಿನ ಗಜನಿ ಗದ್ದೆಗೆ ನುಗ್ಗುತ್ತದೆ. ಇಷ್ಟನ್ನೂ ನೋಡಿ, ಇಲಾಖೆಯ ಎಚ್ಚರಿಕೆಯನ್ನು ಬದಲಿಸದೆ, ಅದನ್ನು ತಾಲ್ಲೂಕು ತಾಲ್ಲೂಕಿಗೆ ಬಿಡಿಸಿ ಹೇಳಬೇಕು. ಬಣ್ಣ ಬದಲಿಸುವ ಅಧಿಕಾರ ಅವರಿಗಿಲ್ಲ. ಅದು ಸ್ಪಷ್ಟವಿರಲಿ. ನಿನ್ನೆ ಹೇಳಿದ್ದು ಎಷ್ಟು ಸರಿಯಾಯಿತು ಎಂದು ಇವತ್ತು ಹೇಳಬೇಕು. ಮತ್ತೆ ಮೂರು ಮಳೆಗಾಲ ಅವರನ್ನು ಬದಲಿಸಬೇಡಿ. ಒಂದು ಮಳೆಗಾಲದಲ್ಲಿ ಅಂಕಿ ಕಲಿಯಬಹುದು, ಹೊಳೆ ಕಲಿಯಲು ಆಗುವುದಿಲ್ಲ.

ಮಾತು ಮುಗಿದ ಮೇಲೆ ಮೂರು ಪ್ರಶ್ನೆ ಬಂತು.

ಮೊದಲನೆಯದು, ಆ್ಯಪ್ ಇರುವಾಗ ಇದೆಲ್ಲ ಯಾಕೆ ಸರ್? ಆ್ಯಪ್ ಇಟ್ಟುಕೊಳ್ಳಿ. ಹವಾಮಾನ ಇಲಾಖೆಯ 'ಮೌಸಮ್', ಸಿಡಿಲಿಗೆ 'ದಾಮಿನಿ' ಎರಡೂ ಒಳ್ಳೆಯವು. ಅವು ಮಳೆ ಬರುತ್ತದೆ ಎನ್ನುತ್ತವೆ. ಬಂದರೆ ಕದ್ರಾದ ಕೆಳಗೆ ಏನಾಗುತ್ತದೆ ಎನ್ನುವುದಿಲ್ಲ.

ಎರಡನೆಯದು, ಈ ಕೆಲಸಕ್ಕೆ ಏನು ಓದಬೇಕು ಎಂದು ಒಬ್ಬ ಹುಡುಗಿ ಕೇಳಿದಳು. ಭೌತಶಾಸ್ತ್ರ, ಗಣಿತ ಇರುವ ಪದವಿ ಆದ ಮೇಲೆ ಹವಾಮಾನ ವಿಜ್ಞಾನದ ಎಂ.ಎಸ್ಸಿ ಇದೆ. ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದಲ್ಲಿ, ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಅಂತಲೇ ವಿಭಾಗಗಳಿವೆ. ಕೃಷಿ ಓದಿದವರಿಗೆ ಕೃಷಿ ಹವಾಮಾನ ಎಂಬ ದಾರಿ ಇದೆ. ಸ್ಥಳೀಯ ಚಾನೆಲ್ಲಿನಲ್ಲಿ ನಿಲ್ಲಲು ಅಷ್ಟು ಬೇಕಿಲ್ಲ. ಭೂಗೋಳ ಚೆನ್ನಾಗಿ ಓದಿ, ಇಲಾಖೆಯ ಪ್ರಕಟಣೆಯ ಭಾಷೆ ಕಲಿತು, ಒಂದು ಮಳೆಗಾಲ ಹೊಳೆ ಬದಿಯ ಊರುಗಳನ್ನು ಸುತ್ತಿದರೆ ಶುರು ಮಾಡಬಹುದು.

ಮೂರನೆಯದನ್ನು ಕೇಳಿದ್ದು ಚಾನೆಲ್ ನಡೆಸುವವರೊಬ್ಬರು. ಸಂಬಳ ಯಾರು ಕೊಡುತ್ತಾರೆ? ನ್ಯಾಯವಾದ ಪ್ರಶ್ನೆ. ಕೇಬಲ್ ಸಂಪರ್ಕ ಕಡಿಮೆಯಾಗುತ್ತಿದೆ, ಇರುವ ವರದಿಗಾರರಿಗೇ ಸರಿಯಾಗಿ ಕೊಡಲು ಆಗುತ್ತಿಲ್ಲ ಎಂದರು. ನಾನು ಹೇಳಿದ್ದು ಇಷ್ಟು. ಐಸ್ ಪ್ಲಾಂಟಿನವರು, ಬೋಟಿನ ಡೀಸೆಲ್ ಬಂಕಿನವರು, ತಾಡಪತ್ರಿ ಮಾರುವವರು, ಅಡಿಕೆ ಸಹಕಾರ ಸಂಘಗಳು, ಇವರೆಲ್ಲರ ವ್ಯಾಪಾರ ಮಳೆಯ ಮೇಲೆಯೇ ನಿಂತಿದೆ. ಐದು ತಿಂಗಳಿಗೆ, ದಿನಕ್ಕೆ ಎರಡು ಸಲ ಹೆಸರು ಬರುವ ಹಾಗೆ, ಒಬ್ಬೊಬ್ಬರು ಒಂದೊಂದು ತಿಂಗಳು ವಹಿಸಿಕೊಂಡರೆ ಒಬ್ಬರ ಸಂಬಳ ಆಗುತ್ತದೆ. ಆ ಎರಡು ನಿಮಿಷವನ್ನು ಫೋನಿಗೂ ಹಾಕಿ, ಕೇಬಲ್ ಇಲ್ಲದವರೂ ನೋಡಲಿ. ಅವರು ತಲೆ ಆಡಿಸಿದರು, ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ. ಪ್ರಾಯೋಜಕರನ್ನು ಕೇಳುವುದಾದರೆ ಮೇ ತಿಂಗಳಲ್ಲೇ ಕೇಳಿ, ಮಳೆ ಹಿಡಿದ ಮೇಲೆ ಅವರ್ಯಾರೂ ಫೋನ್ ಎತ್ತುವುದಿಲ್ಲ ಎಂದು ಪಕ್ಕದಲ್ಲಿದ್ದ ಜಾಹೀರಾತು ವಿಭಾಗದವರು ಸೇರಿಸಿದರು.